ವುಝೂ ಮಾಡಿ ನೋಡಿದ ಸಿನಿಮಾ

ನಮ್ಮ ಮನೆಯ ಅಟ್ಟದಲ್ಲಿ ಒಂದು ಬಟ್ಟೆಯ ಚೀಲವಿತ್ತು. ಅದರೊಳಗಿದ್ದದ್ದು ಹಳೆಯ ಪೇಪರು. ಗಲ್ಫಿನಿಂದ ಮಾಮ ತರುತ್ತಿದ್ದ ಸಾಬೂನು, ಅತ್ತರು, ಗಾಜಿನ ಲೋಟಗಳಿಗೆ ಸುತ್ತಿ ಬರುತ್ತಿದ್ದ ಅರಬಿ ಪತ್ರಿಕೆಯ ಹಾಳೆಗಳು. ಅಜ್ಜಿ ಒಂದೊಂದನ್ನೂ ಬಿಡಿಸಿ, ಅಂಗೈಯಿಂದ ನೀವಿ ಸುಕ್ಕು ತೆಗೆದು, ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕುತ್ತಿದ್ದರು. ಅರಬಿ ಅಕ್ಷರ ಯಾರ ಕಾಲಿಗೂ ಸಿಗಬಾರದು. ಲಾರಿಯ ಟಯರಿನ ಚಿತ್ರವಿದ್ದ ಹಾಳೆಯನ್ನೂ ಹಾಗೆಯೇ ಎತ್ತಿಟ್ಟಿದ್ದರು. "ಅದು ಟಯರಿನ ಜಾಹೀರಾತು ಅಜ್ಜಿ" ಎಂದು ನಾನೊಮ್ಮೆ ಹೇಳಿದ್ದಕ್ಕೆ, "ಟಯರು ಯಾರದ್ದೇ ಆಗಲಿ, ಅಕ್ಷರ ಯಾರದ್ದು?" ಎಂದು ಗದರಿದ್ದರು.

ನಗಬೇಡಿ. ಕಾಪುವಿನ ನಮ್ಮ ಬ್ಯಾರಿ ಮನೆಗಳಲ್ಲಿ ಮನೆಮಾತು ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅರಬಿ ಅಂದರೆ ಕುರ್‌ಆನ್, ನಮಾಝ್, ಬಾಂಗು. ಹುಟ್ಟಿದ ಮಗುವಿನ ಕಿವಿಗೆ ಮೊದಲು ಬೀಳುವುದು ಅದು, ಗೋರಿಯ ಹತ್ತಿರ ಕೊನೆಗೆ ಹೇಳುವುದೂ ಅದು. ಓದಲು ನಮಗೆಲ್ಲ ಬರುತ್ತಿತ್ತು. ಅರ್ಥ ಮಾತ್ರ ಒಂದಕ್ಷರವೂ ಗೊತ್ತಿರಲಿಲ್ಲ. ಆ ಭಾಷೆಯಲ್ಲಿ ಯಾರಾದರೂ ಬಂಗುಡೆಗೆ ಕ್ರಯ ಕೇಳಬಹುದು, ಗಂಡನಿಗೆ ಬೈಯಬಹುದು ಎಂಬುದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಒಂಬತ್ತನೇ ಕ್ಲಾಸಿನ ಹುಡುಗಿ. ಬಾಪ ತೀರಿಹೋಗಿದ್ದರು. ಮನೆಯಲ್ಲಿ ಇದ್ದದ್ದು ಅಜ್ಜಿ, ಉಮ್ಮ, ಅಕ್ಕ, ನಾನು. ಆ ಸಲ ರಜೆಗೆ ಬಂದ ಮಾಮ ಟಿ.ವಿ.ಯನ್ನೂ ವಿಸಿಆರ್ ಅನ್ನೂ ಬೊಂಬಾಯಿಯಿಂದ ಬಸ್ಸಿನಲ್ಲಿ ಹೊತ್ತು ತಂದರು. ಜೊತೆಗೆ ಒಂದೇ ಒಂದು ಕ್ಯಾಸೆಟ್. ಅದರ ಮೇಲಿನ ಚಿತ್ರದಲ್ಲಿ ಒಂದು ಮಸೀದಿಯ ಮಿನಾರು, ಕೆಳಗೆ ತಲೆಗೆ ಬಟ್ಟೆ ಹಾಕಿಕೊಂಡ ಒಬ್ಬ ಹೆಂಗಸು. ಅಂಗಡಿಯವನು "ಫ್ಯಾಮಿಲಿ ಪಿಕ್ಚರ್" ಅಂದನಂತೆ. ಅರಬಿ ಪಿಕ್ಚರು, ಮೇಲೆ ಮಿನಾರು, ಅದರ ಮೇಲೆ ಫ್ಯಾಮಿಲಿ. ಇನ್ನೆಂತ ಬೇಕು ಎಂದು ಮಾಮ ಕಣ್ಣು ಮುಚ್ಚಿ ತಂದಿದ್ದರು.

ಅಕ್ಕನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹದಿನೇಳಕ್ಕೆ ಮದುವೆ. ಹುಡುಗ ಹೆಜಮಾಡಿಯವನು. ಮದುವೆಯಾಗಿ ನಾಲ್ಕು ತಿಂಗಳಿಗೆ ಗಲ್ಫಿಗೆ ಹೋದ. ಒಂದು ವರ್ಷ ಕಾಗದ ಬಂತು, ಆಮೇಲೆ ನಿಂತಿತು. ಐದು ವರ್ಷದಿಂದ ಕಾಗದವೂ ಇಲ್ಲ, ಖರ್ಚಿಗೆ ಕಳಿಸಿದ್ದೂ ಇಲ್ಲ, ತಲಾಖೂ ಇಲ್ಲ. ಮಾಮ ಅಲ್ಲಿ ಹುಡುಕಿದರೆ ಒಬ್ಬರು ದೋಹಾ ಅಂದರು, ಒಬ್ಬರು ದಮ್ಮಾಮ್ ಅಂದರು. ಅಕ್ಕ ಜಗಲಿಯಲ್ಲಿ ಮೊರ ಮಡಿಲಿಗಿಟ್ಟುಕೊಂಡು ಬೀಡಿ ಕಟ್ಟುತ್ತಾ ಇಪ್ಪತ್ತಮೂರಕ್ಕೆ ಬಂದಿದ್ದಳು. ಗಂಡ ಬಿಟ್ಟರೆ ಬಿಡುಗಡೆ ಉಂಟು, ಇಲ್ಲದಿದ್ದರೆ ಕಾಯಬೇಕು, ಅಷ್ಟೇ ನಮಗೆ ಗೊತ್ತಿದ್ದ ಶರೀಅತ್ತು. ಉಮ್ಮ ಕಣ್ಣೀರು ಹಾಕಿದರೆ ಅಜ್ಜಿಯ ಬಾಯಲ್ಲಿ ಒಂದೇ ಮಾತು: "ನಾನು ಕಾಯಲಿಲ್ಲವಾ?"

ಅವರು ಕಾದಿದ್ದರು, ಸುಳ್ಳಲ್ಲ. ಅಜ್ಜ ಮಂಜಿ ಹಡಗಿನಲ್ಲಿ ಹೆಂಚು ಹೇರಿಕೊಂಡು ಬಸ್ರಾಕ್ಕೆ ಹೋದವರು ಹಿಂದೆ ಬರಲಿಲ್ಲ. ಹದಿನೆಂಟು ವರ್ಷ ಕಳೆದ ಮೇಲೆ ಯಾರೋ ಬಂದು, ಅವರು ತೀರಿಹೋದರು, ಅಲ್ಲಿ ಅವರಿಗೆ ಬೇರೆ ಮನೆ ಇತ್ತು ಎಂದು ಹೇಳಿದರು. ಅಜ್ಜಿ ಆ ದಿನವೇ ಬಿಳಿ ಬಟ್ಟೆ ಉಟ್ಟು ನಾಲ್ಕು ತಿಂಗಳು ಹತ್ತು ದಿನ ವಿಧವೆಯ ಇದ್ದತ್ತು ಕೂತರು. ಆ ಹದಿನೆಂಟು ವರ್ಷವೇ ಅವರ ಆಸ್ತಿ. ಹೆಂಗಸರ ನಡುವೆ ಕೂತಾಗ ಅದನ್ನು ಅವರು ಚಿನ್ನದ ಸರದ ಹಾಗೆ ಹೊರಗೆ ತೆಗೆದು ತೋರಿಸುತ್ತಿದ್ದರು.

ಸರಿ, ಸಿನಿಮಾ. ಶುಕ್ರವಾರ ಊಟವಾದ ಮೇಲೆ ಎಂದು ನಿಗದಿಯಾಯಿತು. ಸಿನಿಮಾ ಎಂಬ ಶಬ್ದವನ್ನೇ ಅಜ್ಜಿ ಆಡಗೊಡಲಿಲ್ಲ, "ಅರಬಿ ಹಾಕುವುದು" ಅನ್ನಬೇಕು. ಎಲ್ಲರೂ ವುಝೂ ಮಾಡಬೇಕು ಎಂದು ಅಪ್ಪಣೆಯಾಯಿತು. ನಮಾಝಿಗೆ ಮುಂಚೆ ಮಾಡುವ ಹಾಗೆ ಬಾವಿಕಟ್ಟೆಯಲ್ಲಿ ಸಾಲಾಗಿ ನಿಂತು ಮುಖ, ಕೈ, ಕಾಲು ತೊಳೆದೆವು. ಚಾಪೆ ಹಾಸಿದೆವು. ಉಮ್ಮ ಲೋಬಾನದ ಹೊಗೆ ಹಾಕಿದರು. ಮಾಮ ಟಿ.ವಿ.ಯನ್ನು ಪಡುಗೋಡೆಗೆ ಇಟ್ಟಿದ್ದರು. ಅಜ್ಜಿ ನೋಡಿ ಹೌಹಾರಿದರು. ನಮಾಝಿಗೆ ನಿಲ್ಲುವ ದಿಕ್ಕಿಗೇ ಟಿ.ವಿ. ಇಟ್ಟರೆ ಅದಕ್ಕೇ ಹಣೆಯೂರಿ ಸುಜೂದ್ ಮಾಡಿದ ಹಾಗಾಗುವುದಿಲ್ಲವೇ? ಮೂಡುಗೋಡೆಗೆ ತಿರುಗಿಸಿದರು. ಈಗ ಕಿಬ್ಲಾಕ್ಕೆ ಬೆನ್ನು ಹಾಕಿ ಅರಬಿ ಕೇಳುವುದು ಹೇಗೆ ಎಂದು ಇನ್ನೊಂದು ತಕರಾರು. ಕೊನೆಗೆ ತೆಂಕುಗೋಡೆಯಲ್ಲಿ ರಾಜಿಯಾಯಿತು.

ಆಚೆ ಮನೆಯ ಮೊಗವೀರರ ಅಕ್ಕನೂ ಬಂದರು. ಮೀನು ಮಾರಿ ಬಂದವರು ಮಿಂದು, ಒಗೆದ ಸೀರೆ ಉಟ್ಟು, ನಮ್ಮನ್ನು ನೋಡಿ ಸೆರಗನ್ನು ತಲೆಗೆ ಎಳೆದುಕೊಂಡು ಕೂತರು. ಅಕ್ಕ ಬಾಗಿಲ ಹತ್ತಿರ ಬೀಡಿಯ ಮೊರದೊಂದಿಗೆ ಕೂತಳು. ಅವಳಿಗೆ ಆ ವಾರದ ಬೀಡಿ ಮುಗಿಯಬೇಕಿತ್ತು.

ಮಾಮ ಬಿಸ್ಮಿ ಹೇಳಿ ಗುಂಡಿ ಒತ್ತಿದರು. ಮಿನಾರು ಬಂತು. ಬಾಂಗು ಕೇಳಿತು. ನಾವೆಲ್ಲ ತುಟಿಯಲ್ಲೇ ಉತ್ತರ ಹೇಳಿದೆವು. ಅಜ್ಜಿಯ ಕಣ್ಣು ತುಂಬಿತು. ಆಮೇಲೆ ಚಿತ್ರ ಮಿನಾರಿನಿಂದ ಮೆಲ್ಲಗೆ ಕೆಳಗಿಳಿದು ಒಂದು ಕೊಳಕು ಬೀದಿಗೆ ಬಂತು. ಮೂರನೇ ಮಾಳಿಗೆಯಿಂದ ಒಬ್ಬ ಹೆಂಗಸು ಹಗ್ಗಕ್ಕೆ ಬುಟ್ಟಿ ಕಟ್ಟಿ ಕೆಳಗಿಳಿಸಿದಳು. ಅಂಗಡಿಯವನು ಅದರೊಳಗೆ ಈರುಳ್ಳಿ ಹಾಕಿದ. ಅವಳು ಮೇಲಕ್ಕೆ ಎಳೆದು, ಒಂದನ್ನು ಮೂಸಿ, ಅವನ ತಲೆಗೇ ಎಸೆದು ಬೊಬ್ಬೆ ಹಾಕತೊಡಗಿದಳು. ಸ್ಪಷ್ಟವಾಗಿ, ಅರಬಿಯಲ್ಲಿ.

ನಾನು ತಲೆಯ ಬಟ್ಟೆಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

"ಎಂತ ಓದುವುದು ಅವಳು?" ಎಂದು ಅಜ್ಜಿ ಕೇಳಿದರು.

ಮಾಮನ ಅರಬಿ ಅಂಗಡಿಯ ಅರಬಿ. ಅವರಿಗೆ ಈ ಭಾಗ ಚೆನ್ನಾಗಿಯೇ ಅರ್ಥವಾಗಿತ್ತು. ಗಂಟಲು ಸರಿಮಾಡಿಕೊಂಡು, "ಈರುಳ್ಳಿ ಕೊಳೆತದ್ದಂತೆ. ಅವನ ಅಪ್ಪನಿಗೆ ಬೈತಾ ಇದ್ದಾಳೆ" ಅಂದರು.

"ನಿಮ್ಮ ದೇವರ ಭಾಷೆಯಲ್ಲಿ ಜಗಳ ಸಹ ಮಾಡ್ತಾರಾ ಮಾರಾಯ್ತಿ?" ಎಂದು ಮೊಗವೀರರ ಅಕ್ಕ ಉಮ್ಮನ ಕಿವಿಯಲ್ಲಿ ಕೇಳಿದರು. ಅವರ ಪಿಸುಮಾತು ಅಂದರೆ ಅರ್ಧ ಕಾಪುವಿಗೆ ಕೇಳುವಂಥದ್ದು.

ಆಮೇಲೆ ಬಂದದ್ದನ್ನು ಒಂದೊಂದಾಗಿ ಹೇಳುವುದು ಬೇಡ. ಮದುವೆ ಮನೆಯಲ್ಲಿ ಹೊಟ್ಟೆ ಬಿಟ್ಟುಕೊಂಡು ಕುಣಿದವಳು, ಬರಿತಲೆಯಲ್ಲಿ ಕಾಲೇಜಿಗೆ ಬಸ್ಸು ಹತ್ತಿದ ಹುಡುಗಿಯರು, ಗ್ಲಾಸಿನಲ್ಲಿ ಏನೋ ಕುಡಿದು ತೂರಾಡಿದ ಅರಬಿ. ಅಜ್ಜಿಯ "ತೌಬಾ, ತೌಬಾ" ಜಪದ ಹಾಗೆ ನಡೆದಿತ್ತು. ಆದರೂ ಅವರು ಏಳಲಿಲ್ಲ. ಮಾತಿನ ನಡುವೆ ಅಲ್ಲಲ್ಲಿ 'ಇನ್‌ಶಾ ಅಲ್ಲಾಹ್' ಬರುತ್ತಿತ್ತು, ನಡುವೆ ಅಲ್ಲಾಹನ ಹೆಸರಿದ್ದಾಗ ಎದ್ದು ಹೋಗುವುದು ಹೇಗೆ? ನನಗಂತೂ ಆ ಈರುಳ್ಳಿ ಎಸೆದವಳು ನಮ್ಮ ಬೀದಿಯವರ ಹಾಗೆಯೇ ಕಂಡಳು. ಅದೇ ಸೊಂಟಕ್ಕೆ ಕೈ, ಅದೇ ಸಿಡುಕು. ನನಗೆ ಹೆಚ್ಚು ಗಾಬರಿಯಾದದ್ದು ಕುಣಿತದಿಂದಲ್ಲ, ಇದರಿಂದ. ಅರಬಿಗಳು ನಮ್ಮಂಥವರೇ ಆದರೆ ನಾವು ಇಷ್ಟು ದಿನ ಯಾರಿಗೆ ಹೆದರಿದ್ದು ಎಂದು ಸಿಟ್ಟೂ ಬಂತು.

ಮುಂದೆ ಮಣಿಪಾಲದಲ್ಲಿ ಕೆಲಸಕ್ಕಿದ್ದಾಗ ಆ ಕಡೆಯ ಚಿತ್ರಗಳನ್ನು ಹುಡುಕಿಕೊಂಡು ಹೋಗಿ ನೋಡಿದ್ದೇನೆ, ಅರಬರದ್ದು, ಇರಾನಿನವರದ್ದು. ಪಕ್ಕದಲ್ಲಿ ಕೂತವರು ಬೆಳಕು, ನೆರಳು ಎಂದು ಚರ್ಚೆ ಮಾಡುತ್ತಿದ್ದರು. ನನ್ನ ಕೈ ಮಾತ್ರ ಮೊದಲ ಅರಬಿ ಮಾತಿಗೇ ತಲೆಯ ಬಟ್ಟೆ ಹುಡುಕುತ್ತಿತ್ತು.

ಕಥೆ ಅರ್ಧಕ್ಕೆ ಬಂದಾಗ ಆ ಈರುಳ್ಳಿ ಹೆಂಗಸಿನ ಗಂಡ ಪೆಟ್ಟಿಗೆ ಹಿಡಿದು ಹೋದ. ಮನೆಯ ಗೋಡೆಯ ಕ್ಯಾಲೆಂಡರು ಎರಡು ಸಲ ಬದಲಾಯಿತು. ಅವಳು ಹೊಲಿಗೆ ಮೆಶಿನ್ನಿನ ಮುಂದೆ ಕೂತಳು. ಇಷ್ಟಕ್ಕೆ ಮಾಮನ ಅನುವಾದ ಬೇಕಾಗಲಿಲ್ಲ. ಅಕ್ಕನ ಕೈಯಲ್ಲಿ ಕತ್ತರಿ ನಿಂತಿತ್ತು. ಆಮೇಲೆ ಆ ಹೆಂಗಸು ಕರಿಯ ಬಟ್ಟೆ ಹೊದ್ದು, ಉದ್ದ ಮೇಜಿನ ಹಿಂದೆ ಕೂತ ಗಡ್ಡದ ಹಿರಿಯರೊಬ್ಬರ ಮುಂದೆ ನಿಂತು, ಬೆರಳು ಎತ್ತಿ ಏನೋ ಹೇಳಿದಳು. ಆ ಮಾತಿನ ನಡುವೆ ನಮಗೆಲ್ಲರಿಗೂ ಗೊತ್ತಿದ್ದ ಒಂದೇ ಒಂದು ಶಬ್ದ ಇತ್ತು. ತಲಾಖ್.

ಅಜ್ಜಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಮಾಮ ಗಡಬಡಿಸಿ ಗುಂಡಿ ಒತ್ತಿದರು. ಚಿತ್ರ ನಿಂತಿತು.

"ಯಾರು ಯಾರಿಗೆ ಹೇಳಿದ್ದು ಮಾಮ?" ಎಂದು ಅಕ್ಕ ಕೇಳಿದಳು. ಐದು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ ಅದು ಎಂದು ನನಗೀಗಲೂ ಅನಿಸುತ್ತದೆ.

"ಅದು ಸಿನಿಮಾ ಅಲ್ವಾ, ಬಿಡು" ಅಂದರು ಮಾಮ.

"ಯಾರು ಹೇಳಿದ್ದು?"

"ಅವಳು. ಗಂಡನ ಸುದ್ದಿ ಇಲ್ಲ, ನನಗೆ ಬಿಡುಗಡೆ ಕೊಡಿಸಿ ಅಂತ ಖಾಝಿಯವರ ಹತ್ತಿರ ಕೇಳ್ತಾ ಇದ್ದಾಳೆ."

"ಹೆಂಗಸು ಕೇಳುವುದುಂಟಾ?" ಅಜ್ಜಿ ಕೈ ತೆಗೆಯದೆಯೇ ಚೀರಿದರು. "ಕೇಳುವುದುಂಟಾ ಹಾಗೆ! ಬಂದ್ ಮಾಡು ಮಗಾ ಅದನ್ನು, ಶೈತಾನನ ಪೆಟ್ಟಿಗೆ!"

ಅಕ್ಕ ಮೊರವನ್ನು ಬದಿಗಿಟ್ಟು ಎದ್ದು ಬಂದಳು. "ಮಾಮ, ಸ್ವಲ್ಪ ಹಿಂದೆ ಹಾಕಿ" ಅಂದಳು. ಮಾಮ ಅಜ್ಜಿಯ ಮುಖ ನೋಡಿದರು, ಅಕ್ಕನ ಮುಖ ನೋಡಿದರು, ಹಿಂದೆ ಹಾಕಿದರು. ಮತ್ತೆ ಆ ಹೆಂಗಸು ಬೆರಳು ಎತ್ತಿದಳು. "ಇನ್ನೊಮ್ಮೆ." ಮೂರು ಸಲ ಆಯಿತು. ಅಕ್ಕನ ತುಟಿ ಅವಳ ತುಟಿಯ ಜೊತೆ ಅಲುಗುತ್ತಿತ್ತು, ನಾವು ಮದ್ರಸಾದಲ್ಲಿ ಪಾಠ ಬಾಯಿಪಾಠ ಮಾಡುವಾಗಿನ ಹಾಗೆ.

ಮೂರು ದಿನ ಮನೆಯಲ್ಲಿ ಯುದ್ಧ. ಸಿನಿಮಾದವರ ಮಾತು ದೀನ್ ಆಗುವುದಿಲ್ಲ, ಧರ್ಮ ಆಗುವುದಿಲ್ಲ ಎಂದು ಅಜ್ಜಿ. "ಹಾಗಾದರೆ ದೀನ್ ಗೊತ್ತಿರುವವರ ಹತ್ತಿರವೇ ಕೇಳುವ" ಎಂದು ಅಕ್ಕ. ಊಟ ಬಿಟ್ಟಳು. ನಾಲ್ಕನೇ ದಿನ ಅಜ್ಜಿಯೇ ತಲೆಗೆ ಬಟ್ಟೆ ಸುತ್ತಿಕೊಂಡು ಹೊರಟರು. ಮಸೀದಿಯ ಗುರುಗಳಾದ ಖತೀಬರ ಬಾಯಿಂದ "ಇಲ್ಲ" ಅನ್ನಿಸಿ ಈ ಹುಡುಗಿಯ ಹುಚ್ಚು ಬಿಡಿಸುವುದು ಅವರ ಲೆಕ್ಕ. ಮಾಮ, ಅಜ್ಜಿ, ಅಕ್ಕ, ನಾನು ಹೋದೆವು.

ಮಸೀದಿಯ ಹಿಂದಿನ ಕೋಣೆಯಲ್ಲಿ ಖತೀಬರಿದ್ದರು. ವಯಸ್ಸಾದವರು, ಮೆದು ಮಾತಿನವರು, ನನಗೆ ಅಲಿಫ್ ಬಾ ಕಲಿಸಿದವರು. ನಾವು ಹೆಂಗಸರು ಬಾಗಿಲಿನ ಪರದೆಯ ಈಚೆ ನಿಂತೆವು. ಮಾಮ ವಿಷಯ ಹೇಳಿದರು, ಸಿನಿಮಾದ ಭಾಗವನ್ನು ನುಂಗಿದರು. ಖತೀಬರು ಕಪಾಟಿನಿಂದ ಹಳದಿಯಾದ ದಪ್ಪ ಕಿತಾಬೊಂದನ್ನು ತೆಗೆದರು. ಹುಡುಕಲೂ ಇಲ್ಲ. ಪುಟ ಅವರಿಗೆ ಗೊತ್ತಿತ್ತು.

"ಉಂಟು" ಅಂದರು. "ಗಂಡನ ಪತ್ತೆ ಇಲ್ಲ, ಖರ್ಚಿಗೂ ಕೊಡುವುದಿಲ್ಲ ಅಂತಾದರೆ ಹೆಂಗಸು ಖಾಝಿಯವರ ಮುಂದೆ ಹೋಗಬಹುದು. ಅವರು ವಿಚಾರಿಸಿ ನಿಕಾಹ್ ಬಿಡಿಸಿ ಕೊಡುತ್ತಾರೆ. ಫಸ್ಖ್ ಅಂತ ಹೇಳುವುದು ಅದಕ್ಕೆ. ನಾನು ಕಾಗದ ಬರೆದು ಕೊಡುತ್ತೇನೆ."

ನನಗೆ ತಡೆಯಲಾಗಲಿಲ್ಲ. ಕಲಿಸಿದ ಗುರುಗಳು ಎಂಬುದನ್ನೂ ಮರೆತು ಪರದೆಯ ಈಚೆಯಿಂದಲೇ ಕೇಳಿದೆ: "ಐದು ವರ್ಷದಿಂದ ನಿಮಗೆ ಗೊತ್ತಿತ್ತಲ್ಲ ಉಸ್ತಾದ್, ಯಾಕೆ ಹೇಳಲಿಲ್ಲ?"

ಅವರಿಗೆ ಸಿಟ್ಟು ಬರಲಿಲ್ಲ. ನಿಜವಾಗಿಯೂ ಆಶ್ಚರ್ಯವಾದವರ ಹಾಗೆ, "ನೀವು ಯಾರೂ ಕೇಳಲಿಲ್ಲ ಅಲ್ವಾ?" ಅಂದರು.

ಅವರು ಕಾಗದ ಬರೆದರು. ಮಾಮ ಕಾಗದ ಮಡಚಿ ಜೇಬಿಗಿಟ್ಟು ಹೊರಡಲು ಎದ್ದರು. ಅಜ್ಜಿ ನಿಂತಲ್ಲಿಂದ ಕದಲಲಿಲ್ಲ. ಪರದೆಯ ಅಂಚು ಹಿಡಿದುಕೊಂಡು ಕೇಳಿದರು:

"ಉಸ್ತಾದ್, ಇದು ಹೊಸದಾಗಿ ಬಂದದ್ದಾ? ನನ್ನ ಕಾಲದಲ್ಲಿಯೂ ಇತ್ತಾ?"

ಖತೀಬರಿಗೆ ಅಜ್ಜಿಯ ಕಥೆ ಗೊತ್ತಿತ್ತು, ಊರಿಗೇ ಗೊತ್ತಿತ್ತು. ಅವರು ಕಿತಾಬನ್ನು ಮುಚ್ಚಿ, ಅದರ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ ಹೇಳಿದರು: "ಇದು ನನ್ನ ಅಜ್ಜನ ಅಜ್ಜನಿಗಿಂತಲೂ ಹಳೆಯ ಕಿತಾಬು, ಉಮ್ಮ."

ಅಜ್ಜಿ ಮನೆಗೆ ಬಂದು ಬಾವಿಕಟ್ಟೆಯಲ್ಲಿ ಬಹಳ ಹೊತ್ತು ಕೂತರು. ನಾನು ನೀರು ಕೊಟ್ಟೆ, ಕುಡಿಯಲಿಲ್ಲ. ಆಮೇಲೆ ಒಳಗೆ ಬಂದು, ಎಂದೂ ಕೂರದ ಜಾಗದಲ್ಲಿ, ಟಿ.ವಿ.ಯ ಎದುರಿಗೇ ಚಾಪೆ ಎಳೆದು ಕೂತರು. ವುಝೂ ಮಾಡಿರಲಿಲ್ಲ. ತಲೆಯ ಬಟ್ಟೆ ಜಾರಿ ಹೆಗಲಿಗೆ ಬಿದ್ದಿತ್ತು. ಅದನ್ನು ಎಳೆದುಕೊಳ್ಳಲೂ ಇಲ್ಲ.

"ಆ ಅರಬಿ ಹಾಕು ಮಗಾ" ಎಂದು ಮಾಮನಿಗೆ ಹೇಳಿದರು. "ಅವಳು ಕೇಳುವಾಗ ನಾನು ಮುಖ ಮುಚ್ಚಿಕೊಂಡೆ. ಹೇಗೆ ಕೇಳಿದಳು ಅಂತ ನೋಡಬೇಕು ನನಗೆ."