ಬಟಾಟಿಯ ಸೂತಕ

ಇಪ್ಪತ್ಮೂರು ವರ್ಷಗಳಿಂದ ಪ್ರತಿ ಜುಲೈಯಲ್ಲಿ ಪೋರ್ಚುಗೀಸರನ್ನು ಕಮಲಾಪುರಕ್ಕೆ ಕರೆದುಕೊಂಡು ಹೋಗುವವಳು ನಾನೇ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಬಸ್ಸು ಹತ್ತಿ, ಕಿಟಕಿಯ ಸೀಟು ಸಿಕ್ಕರೆ ಅರ್ಧ ನಿದ್ದೆ ಮುಗಿಸಿ, ಅಲ್ಲಿಯ ಪದವಿಪೂರ್ವ ಕಾಲೇಜಿನ ಇತಿಹಾಸದ ತರಗತಿಯಲ್ಲಿ ಅವರನ್ನು ಇಳಿಸುತ್ತೇನೆ. ಅವರ ಬೆನ್ನಿಗೆ ಡಚ್ಚರು, ಆಮೇಲೆ ಇಂಗ್ಲಿಷರು, ಕೊನೆಗೆ ಫ್ರೆಂಚರು. ಯಾಕೆ ಬಂದರು? ಕಾರಣ ಐದು. ತಮ್ಮತಮ್ಮಲ್ಲೇ ಯಾಕೆ ಕಚ್ಚಾಡಿದರು? ಕಾರಣ ನಾಲ್ಕು. ಮೆಣಸು, ಲವಂಗ, ಬಂಗಾರ, ಮತಪ್ರಚಾರ, ಅರಸರ ಮೆರೆದಾಟ. ಹುಡುಗಿಯರು ತಲೆ ತಗ್ಗಿಸಿ ಬರೆದುಕೊಳ್ಳುತ್ತಾರೆ. "ಮ್ಯಾಡಂ, ಇದು ಐದು ಮಾರ್ಕಿಗೆ ಬರ್ತದೇನ್ರಿ, ಹತ್ತಕ್ಕೇನ್ರಿ?" ಎಂದು ಒಬ್ಬಳಾದರೂ ಕೇಳುತ್ತಾಳೆ. "ಐದಕ್ಕ ಬರ್ತದವಾ" ಅನ್ನುತ್ತೇನೆ. ಮೊದಮೊದಲು ನಕಾಶೆ ಬಿಡಿಸಿ, ಕೋಲು ಹಿಡಿದು, ಗಂಟಲು ಹರಿದುಕೊಂಡು ಹೇಳುತ್ತಿದ್ದೆ. ಈಗ ಪುಸ್ತಕ ತೆರೆಯುವುದೂ ಇಲ್ಲ. ಬಾಯಿ ಒಂದು ಕಡೆ ಗೋವೆ ಗೆಲ್ಲುತ್ತಿದ್ದರೆ ಮನಸ್ಸು ಇನ್ನೊಂದು ಕಡೆ ಸಂಜೆಯ ಪಲ್ಯದ ಚಿಂತೆಯಲ್ಲಿರುತ್ತದೆ. ಸಾಕಾಗಿದೆ, ಸುಳ್ಳು ಯಾಕೆ ಹೇಳಲಿ.

ಮನೆ ಬ್ರಹ್ಮಪುರದಲ್ಲಿ. ಅಲ್ಲಿ ಆಳ್ವಿಕೆ ಅತ್ತೆಯವರದು. ಎಂಬತ್ತರ ಹತ್ತಿರದ ವಯಸ್ಸು, ಓದಿದ್ದು ನಾಲ್ಕನೇ ಇಯತ್ತೆ, ಜಪ ಮಾಡುವುದು ಕನ್ನಡದಲ್ಲಿ, ಬೈಯುವುದು ಮರಾಠಿಯಲ್ಲಿ. ಅಡಿಗೆಮನೆಯಲ್ಲಿ ಯಾವ ದಿನ ಏನು ಬೇಯಬೇಕು, ಏನು ಹೊಸ್ತಿಲು ದಾಟಬಾರದು ಅನ್ನುವುದು ಅವರ ನಾಲಗೆಯ ಮೇಲೆ. ಮಾವನವರ ಶ್ರಾದ್ಧದ ದಿನ ನಮ್ಮಲ್ಲಿ ಬಟಾಟಿ ಇಲ್ಲ, ಟೊಮ್ಯಾಟೊ ಇಲ್ಲ, ಶೇಂಗಾ ಇಲ್ಲ. ಮೆಣಸಿನಕಾಯಿ ಸಹ ಇಲ್ಲ, ಖಾರಕ್ಕೆ ಕರಿಮೆಣಸು. ಹೂಕೋಸು, ಗಜ್ಜರಿಗಳಿಗಂತೂ ಅತ್ತೆ ಇಟ್ಟ ಹೆಸರು ಇಂಗ್ಲಿಷ್ ಕಾಯಿಪಲ್ಲೆ. ಕೆಲಸ ಮುಗಿಸಿ ಬಂದ ನನ್ನ ಕೈಚೀಲವನ್ನು ಅವರು ತಪಾಸಣೆ ಮಾಡುವ ರೀತಿ ನೋಡಿದರೆ ಗಡಿಯ ನಾಕಾ ನೆನಪಾಗುತ್ತಿತ್ತು. ನನ್ನ ಸಿಟ್ಟೋ, ಮೂಗಿನ ತುದಿಯಲ್ಲೇ ಇರುತ್ತದೆ. ನಮ್ಮಿಬ್ಬರ ನಡುವೆ ಸಿಕ್ಕ ನನ್ನ ಗಂಡ ಪೇಪರು ಅಡ್ಡ ಹಿಡಿದು ಇಪ್ಪತ್ತಾರು ವರ್ಷ ಕಳೆದಿದ್ದಾರೆ.

ಈ ವರ್ಷದ ಆಷಾಢ ಏಕಾದಶಿಯ ದಿನ ಕಾಲೇಜಿಗೆ ರಜೆ ಇರಲಿಲ್ಲ. ಉಪವಾಸವಿದ್ದೇ ಕಮಲಾಪುರಕ್ಕೆ ಹೋಗಿ, ನಿಂತುಕೊಂಡೇ ಬಸ್ಸಿನಲ್ಲಿ ವಾಪಸು ಬಂದಿದ್ದೆ. ಚೀಲದಲ್ಲಿ ದೇವರಿಗೆಂದು ಕಮಲಾಪುರದ ಕೆಂಪು ಬಾಳೆಹಣ್ಣು, ಜೊತೆಗೆ ಅಗ್ಗವಾಗಿ ಸಿಕ್ಕಿತೆಂದು ಒಂದು ಹೂಕೋಸು. ಅತ್ತೆ ಪಡಸಾಲೆಯಲ್ಲಿ ಕೂತು, ನಾನು ಬೆಳಿಗ್ಗೆ ಮಾಡಿಟ್ಟು ಹೋದ ಸಾಬೂದಾಣಿ ಖಿಚಡಿ ತಿನ್ನುತ್ತಿದ್ದರು. ಹಿಂದೆಲ್ಲ ಏಕಾದಶಿಗೆ ನೀರೂ ಮುಟ್ಟುತ್ತಿರಲಿಲ್ಲವಂತೆ. ಎಪ್ಪತ್ತೈದು ದಾಟಿದ ಮೇಲೆ ಡಾಕ್ಟರ ಮಾತಿಗೆ ಖಿಚಡಿಗೆ ಇಳಿದಿದ್ದರು. ಚೀಲ ನೋಡಿದವರೇ ಮುಖ ಸಿಂಡರಿಸಿದರು.

"ಏಕಾದಶಿ ದಿನ ಈ ಪರಂಗಿ ಗಡ್ಡಿಗೆಣಸು ಮನಿಯೊಳಗ ಹೊತಗೊಂಡ ಬಂದಿಯಲ್ಲ, ನಿನಗ ಬುದ್ಧಿ ಯಾವಾಗ ಬರ್ತದ?"

ಹೂಕೋಸು ಗಡ್ಡೆಯೂ ಅಲ್ಲ, ಗೆಣಸೂ ಅಲ್ಲ. ಆದರೆ ನನಗೆ ಹೊಟ್ಟೆ ಹಸಿದಿತ್ತು, ಕಾಲು ಬಾತಿತ್ತು, ಆ ದಿನವೇ ಎರಡು ತರಗತಿಗಳಿಗೆ ಅದೇ ಪಾಠ ಒದರಿ ಬಂದಿದ್ದೆ. ತಡೆದುಕೊಳ್ಳಲಾಗಲಿಲ್ಲ.

"ಅತ್ಯಾ, ನಿಮ್ಮ ತಾಟು ನೋಡ್ಕೋರಿ ಮೊದಲ! ಆ ಬಟಾಟಿ ಎಲ್ಲಿದು? ಶೇಂಗಾ ಎಲ್ಲಿದು? ಹಸಿಮೆಣಸಿನಕಾಯಿ? ಸಾಬೂದಾಣಿ ಮಾಡೂ ಗಡ್ಡಿ? ಎಲ್ಲಾ ಕಡಲಾಚಿಂದು ರೀ. ಪರಂಗಿಯವರು ಹಡಗದಾಗ ಹಾಕ್ಕೊಂಡು ತಂದದ್ದು. ನಿಮ್ಮ ಉಪವಾಸನ ಪರಂಗಿ ಉಪವಾಸ!"

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಗೆಲ್ಲುತ್ತಿದ್ದೇನೆ ಅನ್ನುವ ಹುರುಪಿನಲ್ಲಿ ಇಡೀ ಪಾಠ ಹೇಳಿಬಿಟ್ಟೆ. ಈ ಪರಂಗಿಯವರು ಮೆಣಸು ಹುಡುಕಿಕೊಂಡು ಹೊರಟದ್ದು, ದಾರಿ ತಪ್ಪಿದವರು ಬೇರೆಯದೇ ಭೂಮಿಗೆ ಮುಟ್ಟಿದ್ದು, ಅಲ್ಲಿ ಬಟಾಟಿ, ಮೆಕ್ಕೆಜೋಳ ಬಿತ್ತಿಕೊಂಡು ತಮ್ಮ ಪಾಡಿಗೆ ತಾವಿದ್ದವರನ್ನು ಬೆಳ್ಳಿಯ ಗಣಿಗೆ ಇಳಿಸಿದ್ದು. ಇವರ ಮೈಯಿಂದ ಹತ್ತಿದ ಸಿಡುಬಿಗೆ ಊರಿಗೆ ಊರೇ ಸತ್ತು, ಹೂಳುವವರೂ ಇಲ್ಲದಂತಾದದ್ದು. ಆಳು ಸಾಲದೆ ಆಫ್ರಿಕದವರನ್ನು ಸರಪಳಿ ಹಾಕಿ ತಂದದ್ದು. ಆ ಲೂಟಿಗಾಗಿ ಇವರಿವರೇ ಸಮುದ್ರದಲ್ಲಿ ಹಡಗು ಸುಟ್ಟುಕೊಂಡು ಬಡಿದಾಡಿದ್ದು. ತರಗತಿಯಲ್ಲಿ ಎಷ್ಟೋ ವರ್ಷಗಳಿಂದ ಅಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ.

ಕೊನೆಗೆ ಅತ್ತೆ ಕೇಳಿದ್ದು ಇಷ್ಟೇ.

"ಎಷ್ಟು ಮಂದಿ ಸತ್ತಿರಬೇಕು?"

"ಯಾರು ಎಣಿಸ್ಯಾರ್ರಿ? ಊರಿಗೂರ ಖಾಲಿ ಆದವು."

ತಾಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕೈ ತೊಳೆದುಕೊಂಡು ಒಳಗೆ ಹೋದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂದುಕೊಂಡೆ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು, ಹೇಳಲು ನಾಚಿಕೆಯಾಗುತ್ತದೆ.

ಮರುದಿನದಿಂದ ಚಾತುರ್ಮಾಸ್ಯ ಹಿಡಿಯಿತು. ಮೊದಲ ತಿಂಗಳು ನಮ್ಮಲ್ಲಿ ಕಾಯಿಪಲ್ಲೆ, ಮೆಣಸಿನಕಾಯಿ ಹೇಗೂ ಬಿಡುತ್ತಾರೆ. ಹಾಗಾಗಿ ಅತ್ತೆ ಏನು ಬಿಟ್ಟಿದ್ದಾರೆ ಅನ್ನುವುದು ಯಾರಿಗೂ ತಿಳಿಯಲಿಲ್ಲ. ಎರಡನೆಯ ತಿಂಗಳು ಕಾಯಿಪಲ್ಲೆ ಮರಳಿ ಬರುತ್ತದೆ, ಮೊಸರು ಹೋಗುತ್ತದೆ. ಆಗ ಬೇಯಿಸಿದ ಬಟಾಟಿ ಮುಂದಿಟ್ಟರೆ ಬೇಡ ಅಂದರು. ಶೇಂಗಾ ಚಟ್ನಿಪುಡಿ ಬೇಡ. ಏಕಾದಶಿಗೆ ಸಾಬೂದಾಣಿ ಬೇಡ, ಬರೇ ನೀರು. ಹಲ್ಲಿಲ್ಲದ ಬಾಯಿಗೆ ಅವರು ಇಷ್ಟಪಟ್ಟು ತಿನ್ನುತ್ತಿದ್ದುದೇ ಅವು. ಮೊಸರೂ ಇಲ್ಲದ ಮೇಲೆ ಉಳಿದದ್ದು ಎರಡು ತುತ್ತು ಅನ್ನ, ಮೇಲೊಂದಿಷ್ಟು ತೊಗರಿಬೇಳೆಯ ಕಟ್ಟು. ನನ್ನ ಮೇಲಿನ ಹಟ ಅಂದುಕೊಂಡು ನಾನೂ ಬಿಗಿದುಕೊಂಡೆ. ಎಷ್ಟು ದಿನ ಬಿಡ್ತಾರ, ನೋಡೇಬಿಡೋಣ ಅಂತ.

ಭಾದ್ರಪದದಲ್ಲಿ ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದರು. ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಮೂರು ದಿನ ಸಲೈನ್ ಹಾಕಿದರು. ಎಲುಬು ಮುರಿದಿರಲಿಲ್ಲ. "ಹೊಟ್ಟಿಗೆ ಏನೂ ಇಲ್ಲರಿ ಇವರಿಗೆ. ಹಿಂಗ ಬಿಟ್ಟರ ಉಳಿಯೂದಿಲ್ಲ" ಎಂದರು ಡಾಕ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನ ತಾಯಿ ಸಾರಿ ಸಾರಿ ಹೇಳುತ್ತಿದ್ದಳು. ಒಣಗಿದ ಬಟ್ಟೆಯ ಹಾಗೆ ಮಂಚದ ಮೇಲೆ ಬಿದ್ದಿದ್ದ ಅತ್ತೆಯ ಕೈ ಹಿಡಿದುಕೊಂಡೆ.

"ಅತ್ಯಾ, ನಂದು ತಪ್ಪಾತರಿ. ಸಿಟ್ಟಿನ್ಯಾಗ ಅಂದೆ. ಕಾಯಿಪಲ್ಲಿಗೆ ಎಂಥ ಮೈಲಿಗಿ? ನಮ್ಮ ಹೊಲದಾಗ ಬೆಳೀತದ, ಅದು ನಮ್ಮದ. ಉಣ್ಣರಿ."

ಅತ್ತೆ ನನ್ನನ್ನೇ ನೋಡಿದರು. "ನಿನ್ನ ಮ್ಯಾಲಿನ ಸಿಟ್ಟಿಗೆ ಅನ್ನ ಬಿಡ್ಲಿಕ್ಕೆ ನಾ ಏನು ನಿನ್ನೆ ಬಂದ ಸೊಸಿ ಏನು? ಮೈಲಿಗಿ ಅಂತ ಯಾರು ಅಂದರು?"

"ಮತ್ಯಾಕ್ರಿ?"

"ಸತ್ತವರ ಮನಿ ಅಡಿಗಿ ಅಲ್ಲೇನು ಅದು? ಊರಿಗೂರ ಸತ್ತವು ಅಂದಿ. ಅವರು ಬಿತ್ತಿದ್ದು ನಾವು ಉಣ್ಣಾಕತ್ತೇವಿ. ಅವರಿಗೆ ಒಂದು ಬೊಗಸಿ ನೀರು ಬಿಟ್ಟವರು ಇದ್ದಾರೇನು? ನೀರು ಬಿಡೂತನಕ ಸೂತಕ ಹ್ಯಾಂಗ ಹೋಗ್ತದ? ಗೊತ್ತಿಲ್ಲದಾಗ ಉಂಡೆ. ಗೊತ್ತಾದ ಮ್ಯಾಲ ಹ್ಯಾಂಗ ಉಣ್ಲಿ?"

ಸರ್ವಪಿತ್ರಿ ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ ಇತ್ತು. ಅಂದು ಮನೆಯಲ್ಲಿ ಸತ್ತವರಿಗೆಲ್ಲ ತರ್ಪಣ ಬಿಡುವ ದಿನ, ಅಲ್ಲಿಯವರೆಗೆ ತಡೆಯುತ್ತೇನೆ ಎಂದರು ಅತ್ತೆ. ತಡೆಯುತ್ತಾರೋ ಇಲ್ಲವೋ ಎಂದು ಆ ಒಂಬತ್ತು ದಿನ ನಾನು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಬೇಳೆಯ ಕಟ್ಟಿಗೆ ತುಪ್ಪ ಹಾಕಿ, ಕರಿಮೆಣಸು ಕುಟ್ಟಿ ಹಾಕಿ ಚಮಚದಿಂದ ಕುಡಿಸಿದೆ. ಬಸ್ಸಿನಲ್ಲಿ ಕೂತರೂ ಫೋನು ಕೈಯಲ್ಲೇ. ತರಗತಿಯಲ್ಲಿ ಪಾಠ ಇಂಗ್ಲಿಷರು–ಫ್ರೆಂಚರ ಯುದ್ಧಕ್ಕೆ ಬಂದಿತ್ತು, ಯಾರು ಗೆದ್ದರೆ ನನಗೇನು ಅನ್ನಿಸುತ್ತಿತ್ತು.

ಅಮಾವಾಸ್ಯೆಯ ದಿನ ಆಚಾರ್ಯರು ಬಂದರು. ನನ್ನ ಗಂಡ ದರ್ಭೆ ಹಾಕಿಕೊಂಡು ಕೂತರು. ತಂದೆ, ಅಜ್ಜ, ಮುತ್ತಜ್ಜ, ಸೋದರಮಾವ, ಒಬ್ಬೊಬ್ಬರದೂ ಹೆಸರು, ಗೋತ್ರ ಹೇಳಿ ಎಳ್ಳುನೀರು ಬಿಟ್ಟದ್ದಾಯಿತು. ಅಡಿಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದ ಅತ್ತೆ ಸಣ್ಣ ದನಿಯಲ್ಲಿ ಹೇಳಿದರು.

"ಆಚಾರ್ರ, ಇನ್ನೂ ಅದ ರೀ. ಕಡಲಾಚಿ ಮಂದಿಗೆ ಬಿಡಬೇಕು."

ಆಚಾರ್ಯರಿಗೆ ತಿಳಿಯಲಿಲ್ಲ. ನನ್ನ ಗಂಡ ಎರಡು ಮಾತಿನಲ್ಲಿ ಹೇಳಿದರು. ಆಚಾರ್ಯರು ನಗಲಿಲ್ಲ, ಆ ಉಪಕಾರ ನಾನು ಮರೆಯುವುದಿಲ್ಲ. "ಆಗ್ಲಿ. ಹೆಸರು ಹೇಳ್ರಿ" ಎಂದರು.

ಅತ್ತೆ ನನ್ನ ಕಡೆ ತಿರುಗಿದರು. "ಈಕಿ ಹೇಳ್ತಾಳ. ಓದ್ಯಾಳ."

ಕಲ್ಲಿಕೋಟೆಗೆ ಇಳಿದವನ ಹೆಸರು ನನಗೆ ಗೊತ್ತು. ಗೋವೆ ಹಿಡಿದವನದು ಗೊತ್ತು. ಯಾವ ಗವರ್ನರು ಯಾವನ ಮೇಲೆ ಹೊಟ್ಟೆಕಿಚ್ಚು ಪಟ್ಟು ಯಾವ ಯುದ್ಧ ಸೋತ, ಗೊತ್ತು. ಕೆಲವರ ಹಡಗಿನ ಹೆಸರೂ ಗೊತ್ತು. ಕಡಲಾಚೆ ಕೊಂದುಹಾಕಿದ ಒಂದಿಬ್ಬರು ಅರಸರ ಹೆಸರೂ ಹೇಳಬಲ್ಲೆ. ಗಣಿಯಲ್ಲಿ ಸತ್ತವನೊಬ್ಬನ, ಬಟಾಟಿ ಬಿತ್ತಿದವಳೊಬ್ಬಳ, ಹಡಗಿನ ತಳದಲ್ಲಿ ಸರಪಳಿಯಲ್ಲಿ ಬಂದವನೊಬ್ಬನ ಹೆಸರು ತಲೆಯಲ್ಲಿ ಎಷ್ಟು ತಡಕಾಡಿದರೂ ಸಿಗಲಿಲ್ಲ. ಮೂವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಗೊತ್ತಿಲ್ಲರಿ" ಎಂದೆ.

"ಒಬ್ಬರದೂ?" ಅತ್ತೆ ಕೇಳಿದರು.

"ಒಬ್ಬರದೂ ಇಲ್ಲರಿ."

"ಮತ್ತ ಇಷ್ಟು ವರ್ಷ ಯಾರ ಕಥಿ ಹೇಳಿದಿ?"

ಅವರು ಚುಚ್ಚಬೇಕೆಂದು ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು. ಹೆಸರು ಗೋತ್ರ ತಿಳಿಯದವರಿಗೆ, ಹಿಂದೆಮುಂದೆ ಯಾರೂ ಇಲ್ಲದವರಿಗೆ ಕೊನೆಯ ಬೊಗಸೆ ಇರುತ್ತದೆ ಎಂದು ಆಚಾರ್ಯರೇ ದಾರಿ ತೋರಿಸಿದರು. ನನ್ನ ಗಂಡ ನೀರು ಬಿಟ್ಟರು. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು.

ಮರುದಿನ ಕಾಲೇಜಿಗೆ ರಜೆ ಹಾಕಿ ಬಟಾಟಿ ಪಲ್ಯ ಮಾಡಿದೆ, ಮೆತ್ತಗೆ, ಶೇಂಗಾ ಪುಡಿ ಹಾಕಿ. ಅತ್ತೆ ಗೋಡೆಗೊರಗಿ ಕೂತು ನಾಲ್ಕು ತುತ್ತು ಉಂಡರು. ಐದನೆಯದಕ್ಕೆ "ಉಪ್ಪು ಕಡಿಮಿ ಆಗ್ಯದ" ಎಂದರು. ಉಳಿದರು, ಸದ್ಯ, ಉಳಿದರು ಅಂದುಕೊಂಡೆ. ಆಮೇಲೆ ನನ್ನ ತಾಟಿನ ಕಡೆ ನೋಡಿ, ಪಲ್ಯದ ಪಾತ್ರೆ ಎಳೆದುಕೊಂಡು, ತಾವೇ ನನಗೆ ಬಡಿಸಿದರು.

"ಉಣ್ಣು. ಇನ್ನ ಉಂಡರ ನಡೀತದ."

ತುತ್ತು ಕೈಯಲ್ಲಿ ಹಿಡಿದೆ. ಒಬ್ಬರದೂ ಹೆಸರು ಗೊತ್ತಿಲ್ಲದೆ ಹೇಗೆ ಉಣ್ಣಲಿ ಅನ್ನಿಸಿ, ತಾಟಿನಲ್ಲೇ ಇಟ್ಟೆ.