ಪುಚೊಂಗಿಗೆ ಹೆಣ್ಣು ಕೊಟ್ಟದ್ದು

ಕೌಲಾಲಂಪುರದ ಅಂಚಿನ ಈ ಪುಚೊಂಗನ್ನು ಬೈಯದೆ ನಾನು ಬೆಳಗಿನ ಕಾಫಿ ಕುಡಿದದ್ದು ಕಡಿಮೆ. ಲೋಟ ಹಿಡಿದು ಬಾಲ್ಕನಿಗೆ ಬಂದರೆ ಕೆಳಗೆ ಹೈವೇ, ಹೈವೇ ತುಂಬ ನಿಂತ ಕಾರುಗಳು. ಅದರಲ್ಲೊಂದು ನನ್ನ ಗಂಡನದು. ಅವರ ಆಫೀಸು ಪೆಟಾಲಿಂಗ್ ಜಯಾದಲ್ಲಿ, ಎಲ್ಲರ ಬಾಯಲ್ಲಿ ಪಿಜೆ, ಹತ್ತಿರವೇ, ಆದರೆ ರಸ್ತೆ ಬಿಡಬೇಕಲ್ಲ. "ಥೂ, ಇದೂ ಒಂದು ಊರಾ?" ಅಂತ ಅಂದು, ಒಳಗೆ ಹೋಗಿ ಸಾರಿಗೆ ಬೇಳೆ ಇಡುತ್ತಿದ್ದೆ. ಪಿಜೆಗೇ ಮನೆ ಬದಲಾಯಿಸೋಣ ಅಂತ ಎಷ್ಟು ಸಲ ಹೇಳಿದ್ದೆನೋ ದೇವರಿಗೇ ಗೊತ್ತು. "ಅಲ್ಲಿನ ಬಾಡಿಗೆ ಕೇಳಿದ್ದೀಯಾ?" ಅನ್ನುವುದು ಅವರ ಖಾಯಂ ಉತ್ತರ.

ನಾನೊಬ್ಬಳೇ ಬೈಯುತ್ತಿದ್ದೆ ಅಂದುಕೊಳ್ಳಬೇಡಿ. ಯುಗಾದಿಗೋ ರಾಜ್ಯೋತ್ಸವಕ್ಕೋ ಕನ್ನಡದವರೆಲ್ಲ ಸೇರಿದಾಗ, ಕೌಲಾಲಂಪುರದ ಗೋಪುರಗಳ ಕಡೆ ಇರುವವರು "ನೀವೆಲ್ಲಿರೋದು?" ಅಂತ ಕೇಳುತ್ತಿದ್ದರು. "ಪುಚೊಂಗ್." "ಓ... ಪುಚೊಂಗಾ!" ಆಮೇಲೆ, ನಮ್ಮ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೇನೋ ಅನ್ನುವ ಹಾಗೆ ಲೊಚಗುಟ್ಟುತ್ತಿದ್ದರು. ಜಾಮ್, ಕಳ್ಳರು, ಮಳೆ ಬಂದರೆ ನೀರು ನಿಲ್ಲುತ್ತೆ, ಹೀಗೆ ಒಂದೊಂದಾಗಿ ಅವರೇ ನನಗೆ ನನ್ನ ಊರಿನ ಬಗ್ಗೆ ಹೇಳುತ್ತಿದ್ದರು. ಅವರಲ್ಲಿ ಅರ್ಧ ಜನ ಈ ಕಡೆ ತಲೆ ಹಾಕಿಯೂ ಮಲಗಿದವರಲ್ಲ.

ಇನ್ನು ಊರಿಂದ ನೋಡಲು ಬಂದವರದು ಬೇರೆಯೇ ರಾಗ. ಬೆಂಗಳೂರಿನಿಂದ ಬಂದ ನನ್ನ ಓರಗಿತ್ತಿ ಅದೇ ಬಾಲ್ಕನಿಯಲ್ಲಿ ನಿಂತು ಅದೇ ಜಾಮನ್ನು ವಿಡಿಯೋ ಮಾಡಿಕೊಂಡಳು. "ನೋಡೇ, ಇಷ್ಟು ಗಾಡಿ ನಿಂತಿದೆ, ಒಬ್ಬರಾದರೂ ಹಾರ್ನ್ ಹೊಡೀತಿದ್ದಾರಾ! ಪುಣ್ಯ ಮಾಡಿದ್ದೀಯ ಕಣೆ." ದೂರದ ಬೆಟ್ಟ ನುಣ್ಣಗೆ ಅನ್ನೋದು ಸುಳ್ಳಲ್ಲ. ಇವಳಿಗೆ ಬೆಟ್ಟದ ಮೇಲೆ ಬಂದು ನಿಂತರೂ ನುಣ್ಣಗೇ ಕಂಡಿತು. ನಮ್ಮ ಕಟ್ಟಡದ ಕೆಳಗಿನ ಮನೆಯ ತಮಿಳು ತಾತ ಮಾತ್ರ ಇಲ್ಲೇ ರಬ್ಬರ್ ತೋಟದಲ್ಲಿ ಹುಟ್ಟಿದವರು. ಅವರು ಊರನ್ನು ಹೊಗಳುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. "ಆಗ ಮರ, ಹಾವು ಬಿಟ್ಟರೆ ಇಲ್ಲಿ ಏನಿತ್ತು? ಜಾಮ್ ಆಗೋಕೆ ಮೊದಲು ಕಾರು ಬೇಕಲ್ಲಮ್ಮ" ಅನ್ನುತ್ತಿದ್ದರು.

ಹೀಗಿರುವಾಗ ಕೊರೋನಾ ಬಂತು. ಮೊದಲ ಲಾಕ್‌ಡೌನಿನಲ್ಲಿ ಹೈವೇ ಬೋಳುಬೋಳಾಯಿತು. ಬೈಯುವುದಕ್ಕೂ ಏನೂ ಸಿಗದೆ ಕಾಫಿ ಸಪ್ಪೆ ಅನ್ನಿಸುತ್ತಿತ್ತು.

ನಮ್ಮ ಗೋಡೆಯಾಚೆಯ ಮನೆಯಲ್ಲಿ ಮೈಸೂರಿನ ಹುಡುಗನೊಬ್ಬ ಒಂಟಿಯಾಗಿದ್ದ. ಫ್ಯಾಕ್ಟರಿಯೊಂದರಲ್ಲಿ ಇಂಜಿನಿಯರು. ಅದುವರೆಗೂ ಲಿಫ್ಟಿನಲ್ಲಿ ನಕ್ಕರೆ ಹೆಚ್ಚು. ಲಾಕ್‌ಡೌನಿನಲ್ಲಿ ದಿನಾ ಅವನ ಮನೆಯಿಂದ ಒಗ್ಗರಣೆ ಸೀದ ವಾಸನೆ ಬರತೊಡಗಿದ ಮೇಲೆ ತಡೆಯಲಾಗಲಿಲ್ಲ. ಡಬ್ಬಿಯಲ್ಲಿ ಸಾರು ಹಾಕಿ ಅವನ ಬಾಗಿಲ ಗ್ರಿಲ್ಲಿಗೆ ನೇತುಹಾಕಿ ಬರುತ್ತಿದ್ದೆ. "ಥ್ಯಾಂಕ್ಸ್ ಆಂಟಿ" ಅನ್ನುತ್ತಿದ್ದ. ಆಂಟಿ ಅಂದವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ, ಆದರೂ ಸಾರು ನಿಲ್ಲಿಸಲಿಲ್ಲ.

ಅವನಿಗೆ ಆಗ ಹಾಸನದ ಒಂದು ಸಂಬಂಧ ಬಂದಿತ್ತು. ಜಾತಕ ಆಗಿ, ಹುಡುಗಿ ಜೊತೆ ಫೋನಿನಲ್ಲಿ ಮಾತೂ ಆಗಿ, ಇಬ್ಬರೂ ಒಪ್ಪಿದ್ದರು. ಇದಕ್ಕೆ ಮುಂಚೆ ಎರಡು ಸಂಬಂಧ ತಪ್ಪಿ ಹೋಗಿದ್ದವು. ಒಬ್ಬರಂತೂ "ಅಮೆರಿಕಾ ಆಗಿದ್ದರೆ ನೋಡಬಹುದಿತ್ತು" ಅಂದರಂತೆ. ಇದೂ ತಪ್ಪಿದರೆ ಇನ್ನು ಹುಡುಕುವುದಿಲ್ಲ ಅಂತ ಅವನ ತಾಯಿ ಕೈ ಚೆಲ್ಲಿದ್ದರು. ಅವನಿಗೆ ತಾಯಿಯ ಚಿಂತೆಗಿಂತ ಹೆಚ್ಚಾಗಿ ಹುಡುಗಿಯೇ ಮನಸ್ಸಿಗೆ ಹಿಡಿದಿದ್ದಳು. ಅದು ಗೋಡೆಯಾಚೆಯಿಂದ ಕೇಳುವ ನಗುವಿನಲ್ಲೇ ಗೊತ್ತಾಗುತ್ತಿತ್ತು.

ಹುಡುಗಿಯ ತಂದೆ ಹೈಸ್ಕೂಲು ಮೇಷ್ಟ್ರು. ಬಿಡಿಸಿ ನೋಡಿದರೆ ನಮ್ಮ ದೊಡ್ಡಮ್ಮನ ಕಡೆಯಿಂದ ನನಗೆ ಅಣ್ಣನಾಗಬೇಕು. ಒಂದು ದಿನ ಅವರೇ ಫೋನ್ ಮಾಡಿದರು. ನಿಶ್ಚಯಕ್ಕೆ ಮುಂಚೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಬೇಕಲ್ಲ, ವಿಮಾನವೇ ಇಲ್ಲ, ಬರುವುದು ಹೇಗೆ? "ನೀನೇ ನಮ್ಮ ಕಡೆಯವಳಾಗಿ ನಿಂತು ಮನೆ ನೋಡೋ ಶಾಸ್ತ್ರ ಮಾಡಿಬಿಡಮ್ಮ. ಫೋನಲ್ಲಿ ನಮಗೂ ತೋರಿಸು." ಆಮೇಲೆ ದನಿ ತಗ್ಗಿಸಿದರು. "ಹುಡುಗ ಕೌಲಾಲಂಪುರ ಅಂದಿದ್ದ. ವಿಳಾಸ ನೋಡಿದರೆ ಪುಚೊಂಗ್ ಅಂತಿದೆ. ವಿಚಾರಿಸಿದೆ. ಅಲ್ಲೇ ಇರೋರೊಬ್ಬರು ಮೂಗು ಮುರಿದರು. ಟೂರ್ ಬಂದು ಹೋದೋರು ಸ್ವರ್ಗ ಅಂದರು. ಊರು ಸರಿಯಿಲ್ಲ ಅಂದರೆ ನಾನು ಹೆಣ್ಣು ಕೊಡಲ್ಲ. ಇರೋಳು ನೀನು, ನಿಜ ಹೇಳು."

ಅದೇ ವಾರ ನಮ್ಮ ಮನೆಯಲ್ಲಿ ಇನ್ನೊಂದು ನಡೆದಿತ್ತು. ಲಾಕ್‌ಡೌನಿನಿಂದ ಬಾಡಿಗೆಗಳು ಇಳಿದು, ಪಿಜೆಯಲ್ಲಿ ರೈಲು ನಿಲ್ದಾಣದ ಪಕ್ಕದಲ್ಲೇ ಒಂದು ಮನೆ ನಮ್ಮ ಕೈಗೆಟುಕುವ ಹಾಗೆ ಸಿಕ್ಕಿತ್ತು. ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುತ್ತಿತ್ತು. ಕೊನೆಗೂ ನನ್ನ ಗಂಡ ಹೂಂ ಅಂದಿದ್ದರು. ಭಾನುವಾರದೊಳಗೆ ಹೇಳಿ ಅಂದಿದ್ದ ಮನೆ ಮಾಲೀಕ.

ಶಾಸ್ತ್ರದ ವಿಷಯ ಹೇಳಿದಾಗ ನನ್ನ ಗಂಡ ನಕ್ಕರು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂದಿದ್ದಾರೆ ದೊಡ್ಡೋರು. ನೀನು ಒಂದೈದಾರಾದರೂ ಹೇಳು."

"ಒಂದೂ ಹೇಳಲ್ಲ ಕಣ್ರೀ. ಇರೋ ಊರನ್ನ ಇದ್ದ ಹಾಗೇ ತೋರಿಸ್ತೀನಿ. ಬೇಕಾದೋರು ಕೊಡಲಿ."

ಹುಡುಗನಿಗೆ ಅಷ್ಟು ಧೈರ್ಯ ಇರಲಿಲ್ಲ. "ಆಂಟಿ, ಪ್ಲೀಸ್, ಸಾಯಂಕಾಲ ಬೇಡ, ಜಾಮ್ ಇರುತ್ತೆ" ಅಂತ ಗೋಗರೆದ. ಅಷ್ಟೊತ್ತಿಗೆ ನಿರ್ಬಂಧ ಸಡಿಲವಾಗಿ ರಸ್ತೆಗೆ ಕಾರುಗಳು ವಾಪಸ್ ಬಂದಿದ್ದವು. ನಾನು ಬೇಕೆಂದೇ ಸಾಯಂಕಾಲಕ್ಕೇ ಇಟ್ಟುಕೊಂಡೆ.

ಮಾಸ್ಕ್ ಹಾಕಿ, ಫೋನ್ ಮುಂದೆ ಹಿಡಿದು ಹೊರಟೆ. ಹುಡುಗ ಎರಡು ಮಾರು ಹಿಂದೆ, ನಿಂತಲ್ಲಿ ನಿಲ್ಲದೆ ಒದ್ದಾಡುತ್ತಾ. ಫೋನಿನೊಳಗೆ ಹಾಸನದ ಆ ಮನೆಯವರೆಲ್ಲ ಒಬ್ಬರ ಹೆಗಲ ಮೇಲೊಬ್ಬರು. ಹೈವೇ ತೋರಿಸಿದೆ. "ಇದು ಜಾಮ್. ದಿನಾ ಇರುತ್ತೆ." ಮಾಮಕ್ ತೋರಿಸಿದೆ, ಅದೇ, ಇಲ್ಲಿ ಹಗಲುರಾತ್ರಿ ಚಹಾ-ರೋಟಿ ಸಿಗುವ ಅಂಗಡಿ, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ, ಎಲ್ಲರೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ತಮಿಳರ ಅಂಗಡಿಯಲ್ಲಿ ನುಗ್ಗೆಕಾಯಿ, ಬಾಳೆಲೆ, ಮೊಳ ಹಾಕಿ ಕೊಡುವ ಮಲ್ಲಿಗೆ. ಹುಡುಗಿಯ ತಾಯಿಗೆ ಮಲ್ಲಿಗೆ ನೋಡಿ ಜೀವ ಬಂತು. "ಮಲ್ಲಿಗೆ ಸಿಗುತ್ತಲ್ರೀ!" ಅಂತ ಗಂಡನನ್ನು ತಿವಿದದ್ದು ಕಾಣಿಸಿತು.

ಅಂಗಡಿ ಪಕ್ಕದ ದೊಡ್ಡ ಮೋರಿ ದಾಟುವಾಗ ಒಳಗಿನಿಂದ ಮೆಲ್ಲಗೆ ಒಂದು ಉಡ ಎದ್ದು ಬಂತು. ಇಲ್ಲಿನ ಉಡಗಳು ನಮ್ಮ ಕಡೆಯವುಗಳ ಹಾಗಲ್ಲ, ತಿಂದು ಬೆಳೆದವು. ಫೋನಿನಲ್ಲಿ ಹುಡುಗಿಯ ತಾಯಿ ಕಿಟಾರನೆ ಕಿರುಚಿದರು: "ಅಯ್ಯೋ ಮೊಸಳೆ!"

"ಮೊಸಳೆ ಅಲ್ಲ ಅತ್ತಿಗೆ, ಉಡ. ಅದರ ಪಾಡಿಗೆ ಅದಿರುತ್ತೆ."

ಹಿಂದೆ ತಿರುಗಿದರೆ ಹುಡುಗ ಹಣೆ ಚಚ್ಚಿಕೊಳ್ಳುತ್ತಿದ್ದ. ನನಗೂ ಒಂದು ಕ್ಷಣ ಅಯ್ಯೋ ಪಾಪ ಅನ್ನಿಸಿತು. ಆದರೆ ಉಡವನ್ನು ಮುಚ್ಚಿಡುವುದು ಹೇಗೆ?

ಕೊನೆಗೆ ಅವನ ಮನೆಯೊಳಗೆ ಹೋದೆವು. ಹಾಲ್, ರೂಮು, ಅಡುಗೆಮನೆ. ಆಗ ಅಲ್ಲಿಯವರೆಗೆ ತುಟಿ ಬಿಚ್ಚದೆ ಕುಳಿತಿದ್ದ ಹುಡುಗಿಯ ಅಜ್ಜಿ ಕೇಳಿದರು: "ನೀರು ಹೆಂಗಿದೆ ಮಗಾ?"

ನಮ್ಮವರು ಯಾವ ಊರಿನ ಬಗ್ಗೆ ಕೇಳಿದರೂ ಕೊನೆಗೆ ಬಂದು ನಿಲ್ಲುವುದು ನೀರಿಗೇ. ನಾನು ನಲ್ಲಿ ತಿರುಗಿಸಿದೆ. ಅದು ಗೊರಗೊರ ಅಂತು, ಎರಡು ಹನಿ ಉಗುಳಿತು, ನಿಂತಿತು. ಹಿಂದಿನ ದಿನದಿಂದ ನೀರಿರಲಿಲ್ಲ.

"ಇವತ್ತು ಬರ್ತಿಲ್ಲ ಅಜ್ಜಿ. ಆಗಾಗ ಹೀಗಾಗುತ್ತೆ. ಡ್ರಮ್ಮಿನಲ್ಲಿ ತುಂಬಿಸಿಟ್ಟಿರ್ತೀವಿ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಳ್ಳತೊಡಗಿದರು. ಹುಡುಗಿ ತಲೆ ಬಗ್ಗಿಸಿದಳು. ಆಯಿತು, ಈ ಸಂಬಂಧವನ್ನು ನನ್ನ ಕೈಯಾರೆ ಮುರಿದೆ ಅಂದುಕೊಂಡೆ. ನಿಜ ಹೇಳುತ್ತೇನೆ ಅಂತ ಮೆರೆದ ನನ್ನ ಮೇಲೇ ಸಿಟ್ಟು ಬಂತು.

ಅಜ್ಜಿಯೇ ಬಾಯಿ ಬಿಟ್ಟರು. "ನಮ್ಮಲ್ಲೇನು ಕಾವೇರಿ ಹರೀತಿದ್ದಾಳಾ? ನೀರು ಎಲ್ಲ ಕಡೆ ಹೋಗುತ್ತೆ ಬಿಡು. ಊರು ಹೆಂಗಾದರೂ ಇರಲಿ. ನಂಗೆ ಒಂದೇ ಹೇಳು. ಇವಳು ಅತ್ತರೆ ಕೇಳಿಸೋ ಅಷ್ಟು ಹತ್ತಿರದಲ್ಲಿ ಯಾರಿದ್ದಾರೆ?"

ನಾನು ಯೋಚನೆ ಮಾಡಲಿಲ್ಲ. ಮಾಡಿದ್ದರೆ ಪಿಜೆಯ ಬಿಸಿಲು ಬೀಳುವ ಅಡುಗೆಮನೆ ನೆನಪಾಗುತ್ತಿತ್ತು. ಎದುರಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿದೆ. "ಇದರಾಚೆ ನಾನಿದ್ದೀನಿ ಅಜ್ಜಿ."

"ಇರ್ತೀಯಾ?"

"ಇರ್ತೀನಿ."

"ಹಂಗಾದರೆ ಕೊಡ್ರೋ" ಅಂದರು ಅಜ್ಜಿ, ಮಗನ ಕಡೆ ತಿರುಗಿ.

ಮನೆಗೆ ಬಂದು "ಪಿಜೆಯವರಿಗೆ ಬೇಡ ಅಂದುಬಿಡಿ" ಅಂದೆ. ನನ್ನ ಗಂಡ ಕಣ್ಣು ಕಣ್ಣು ಬಿಟ್ಟರು. "ಊರಿಗೆ ನೀನೇ ಜಾಮೀನು ನಿಂತು ಬಂದೆಯಾ?" ಅಂದರು. ಹೌದು. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಮರುದಿನ ಬಾಲ್ಕನಿಯಲ್ಲಿ ನಿಂತು ಎಂದಿಗಿಂತ ಹೆಚ್ಚು ಬೈದೆ.

ಲಾಕ್‌ಡೌನ್ ಬಂತು, ಹೋಯಿತು, ಮತ್ತೆ ಬಂತು. ಮದುವೆ ಮುಂದೆ ಮುಂದೆ ಹೋಗಿ, ಹುಡುಗ ಹೇಗೋ ಊರು ಸೇರಿ, ಬೆರಳೆಣಿಕೆಯ ಜನರ ನಡುವೆ ತಾಳಿ ಕಟ್ಟಿದ. ನಾವು ಫೋನಿನಲ್ಲೇ ಅಕ್ಷತೆ ಹಾಕಿದೆವು. ಅಕ್ಕಿ ನಮ್ಮ ಸೋಫಾದ ಸಂದಿಯಲ್ಲಿ ಎಷ್ಟೋ ದಿನ ಸಿಗುತ್ತಿತ್ತು.

ಹುಡುಗಿ ಬಂದಳು. ಲೆಕ್ಕಕ್ಕೆ ನಾನು ಅತ್ತೆಯಾದರೂ ಅಕ್ಕ ಅಂತಲೇ ಕರೆದಳು. ಬಂದ ವಾರದಲ್ಲೇ ಗೋಡೆ ತಟ್ಟುವುದು ಶುರುವಾಯಿತು. ಎರಡು ಸಲ ತಟ್ಟಿದರೆ "ಅಕ್ಕ, ಕಾಫಿ ಇದೆಯಾ?" ಅಂತ. ನಾನು ಒಂದು ಸಲ ತಟ್ಟಿದರೆ ಇದೆ ಅಂತ. ಗಂಡ ಹೆಂಡತಿ ಜಗಳವಾಡಿದ ದಿನ ಒಂದೇ ಸಮನೆ ತಟ್ಟುತ್ತಿದ್ದಳು, ಬಂದು ನನ್ನ ಅಡುಗೆಕಟ್ಟೆಯ ಮೇಲೆ ಕುಳಿತು ಮೂಗು ಒರೆಸಿಕೊಂಡು, ಉಪ್ಪಿಟ್ಟು ತಿಂದು ಹೋಗುತ್ತಿದ್ದಳು. ನನಗೆ ಆ ಸದ್ದು ಅಭ್ಯಾಸವಾಯಿತು. ಇಷ್ಟವಾಯಿತು ಅಂತಲೇ ಹೇಳಬೇಕು. ಪಿಜೆ ಮನೆಯನ್ನು ಮರೆತೆ.

ಅವಳಿಗೆ ಪಿಜೆಯಲ್ಲೇ ಕೆಲಸ ಸಿಕ್ಕಿತು. ಎಲ್ಲ ಆಫೀಸುಗಳೂ ತೆರೆದು ಜಾಮ್ ಮೊದಲಿನ ಹಾಗಾಯಿತು. ಸಾಯಂಕಾಲ ಹಿಂಡಿ ಹಿಪ್ಪೆಯಾಗಿ ಬಂದು ನನ್ನ ಬಾಲ್ಕನಿಯಲ್ಲಿ ನಿಂತು ಅವಳೂ ಬೈಯತೊಡಗಿದಳು. ನಾನೂ ದನಿ ಸೇರಿಸುತ್ತಿದ್ದೆ. ಬೈಯುವುದಕ್ಕೆ ಜೊತೆ ಸಿಕ್ಕಿದ್ದು ಸುಖವಾಗಿಯೇ ಇತ್ತು.

ಒಂದು ಶನಿವಾರ ಗಂಡ ಹೆಂಡತಿ ಇಬ್ಬರೂ ತಟ್ಟೆಯಲ್ಲಿ ಬಾಳೆಹಣ್ಣು, ಮಲ್ಲಿಗೆ ಇಟ್ಟುಕೊಂಡು ಬಂದರು. ಬಾಗಿಲಲ್ಲಿ ಬೆಲ್ ಮಾಡಿ ಬಂದಾಗಲೇ ಏನೋ ಇದೆ ಅನ್ನಿಸಿತು.

"ಅಕ್ಕ, ಪಿಜೆಯಲ್ಲಿ ಮನೆ ಸಿಕ್ಕಿತು. ಈ ಜಾಮಲ್ಲಿ ಆಗಲ್ಲ ಅಕ್ಕ, ಸಾಕಾಯ್ತು. ನೀವಾದರೂ ಇಷ್ಟು ವರ್ಷ ಈ ಊರಲ್ಲಿ ಹೆಂಗಿದ್ದೀರೋ!"

"ಯಾಕೆ, ನಮ್ಮೂರಿಗೆ ಏನಾಗಿದೆ?" ಅಂದುಬಿಟ್ಟೆ. ಜೋರಾಗಿಯೇ ಅಂದೆ. ನನ್ನ ಗಂಡ ಪೇಪರ್ ಕೆಳಗಿಟ್ಟು ನನ್ನ ಮುಖ ನೋಡಿದರು. ಹುಡುಗಿ ಬೆಚ್ಚಿದಳು. ಸಾವರಿಸಿಕೊಂಡು ಬಾಳೆಹಣ್ಣು ಈಸಿಕೊಂಡೆ, ಕುಂಕುಮ ಕೊಟ್ಟೆ, ಒಳ್ಳೆಯದಾಗಲಿ ಅಂದೆ. ಅಷ್ಟೊತ್ತಿಗೆ ಬಾಡಿಗೆಗಳು ಮತ್ತೆ ಏರಿದ್ದವು, ನಾವು ಹೋಗುವ ಮಾತಿರಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಅವಳು ಮೆಲ್ಲಗೆ ಹೇಳಿದಳು: "ಅಜ್ಜಿಗೆ ಹೇಳಿಲ್ಲ ಅಕ್ಕ. ಸುಮ್ಮನೆ ಕೊರಗ್ತಾರೆ. ನೀವೂ ಹೇಳಬೇಡಿ."

ಈಗ ಅವಳು ಬರುವುದು ಹಬ್ಬಕ್ಕೆ. ಬಂದಾಗ ಪುಚೊಂಗ್ ದೂರ ಅನ್ನುತ್ತಾಳೆ.

ಅಜ್ಜಿ ಮಾತ್ರ ಆಗಾಗ ನನಗೇ ಫೋನ್ ಮಾಡುತ್ತಾರೆ. ಕಿವಿ ಮಂದವಾಗಿದೆ, ಕೂಗಿ ಹೇಳಬೇಕು. ಮೊನ್ನೆಯೂ ಮಾಡಿದ್ದರು. ಮಳೆ ಆಯಿತಾ, ಊಟ ಆಯಿತಾ, ನೀರು ಬಂತಾ, ಎಲ್ಲ ಆದ ಮೇಲೆ ಅದೇ ಪ್ರಶ್ನೆ.

"ಗೋಡೆಯಾಚೆ ಇದ್ದೀಯಲ್ಲ ಮಗಾ?"

"ಇಲ್ಲೇ ಇದ್ದೀನಿ ಅಜ್ಜಿ."

"ಅವಳು ಅಳೋದು ಗಿಳೋದು ಏನಾದರೂ ಕೇಳಿಸುತ್ತಾ?"

ನಾನು ಗೋಡೆ ನೋಡಿದೆ. ಅವರು ಹೋದ ಮೇಲೆ ಆ ಮನೆಗೆ ಯಾರೂ ಬಂದಿಲ್ಲ.

"ಇಲ್ಲ ಅಜ್ಜಿ" ಅಂತ ಕೂಗಿ ಹೇಳಿದೆ. "ಏನೂ ಕೇಳಿಸಲ್ಲ."

"ಹಂಗಾದರೆ ಊರು ಒಳ್ಳೇದೇ ಬಿಡು" ಅಂದರು ಅಜ್ಜಿ.