ಎಕ್ಸ್-ರೇ ಅಕ್ಕ ಹಡಗು ಅಂಟಿಸಿದ್ದು

ಮೂವತ್ತೊಂದು ವರ್ಷ ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ನಿಂತು, ಬಂದಬಂದವರಿಗೆಲ್ಲ "ಉಸಿರು ಬಿಗಿಹಿಡೀರಿ, ಅಲ್ಲಾಡಬೇಡಿ" ಎಂದು ಗದರಿದವಳ ಕೈಯೇ ನಿವೃತ್ತಿಯ ಮರುವರ್ಷ ಅಲ್ಲಾಡತೊಡಗಿತು ಎಂದರೆ ಯಾರಿಗೆ ದೂರುವುದು? ಬೀದಿಗೆಲ್ಲ ಅವಳು ಎಕ್ಸ್-ರೇ ಅಕ್ಕ. ಲೋಟ ಹಿಡಿದರೆ ಚಹಾ ಮೈಮೇಲೆ ತುಳುಕುತ್ತಿತ್ತು. ಅದಕ್ಕವಳು ಕ್ಯಾರೇ ಅನ್ನಲಿಲ್ಲ. ಅವಳ ಜೀವವಿದ್ದದ್ದು ಕಿಟಕಿ ಪಕ್ಕದ ಮೇಜಿನ ಮೇಲೆ, ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಅವಳು ಕಟ್ಟುತ್ತಿದ್ದ ಅಂಗೈಯಗಲದ ವಿಮಾನ, ಮೊಳದುದ್ದದ ಹಡಗುಗಳಲ್ಲಿ.

ಜೊತೆಯಲ್ಲೇ ಇದ್ದ ತಂಗಿ ಹೊಲಿಗೆ ಹೇಳಿಕೊಡುವವಳು. "ನಮ್ಮಕ್ಕನ ಹುಚ್ಚು" ಎಂದು ಬಂದವರೆದುರು ಮೂಗು ಮುರಿದರೂ ಒಳಗೊಳಗೇ ಬೀಗುತ್ತಿದ್ದಳು. ಬೀಗದೆ ಏನು ಮಾಡುತ್ತಾಳೆ? ಬೇರೆಯವರ ಮಾಡೆಲ್‌ಗಳಲ್ಲಿ ಅಂಟು ಸಿಂಬಳದ ಹಾಗೆ ಹೊರಗಿಳಿದಿರುತ್ತದೆ. ಅಕ್ಕನ ಹಡಗಿನಲ್ಲಿ ಎರಡು ತುಂಡು ಎಲ್ಲಿ ಸೇರಿದವೆಂದು ಭೂತಗನ್ನಡಿ ಹಿಡಿದರೂ ಸಿಗದು. ಗುಟ್ಟೆಲ್ಲ ಲಿಕ್ವಿಡ್ ಸಿಮೆಂಟ್ ಎಂಬ ನೀರಿನಂಥ ಅಂಟಿನಲ್ಲಿ. "ಅದು ಅಂಟೇ ಅಲ್ಲ ಕಣೇ, ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದು ಮಾಡುತ್ತೆ" ಎನ್ನುವಳು ಅಕ್ಕ. ಅದಕ್ಕೇ, ಸೇರುವ ಅಂಚಿಗೆ ಬಣ್ಣ ತಾಗಿದ್ದರೆ ಮೊದಲು ಕೆರೆಯಬೇಕು. ಬಣ್ಣದ ಮೇಲೆ ಅದು ಹಿಡಿಯದು. ಹನಿ ಬಿದ್ದರೆ ಒರೆಸಕೂಡದು, ತೆಪ್ಪಗೆ ಒಣಗಲು ಬಿಡಬೇಕು. ಬಾಟಲಿ ಉರುಳದಿರಲೆಂದು ಹಳೆಯ ಚಪ್ಪಲಿಯ ದಪ್ಪ ಅಟ್ಟೆಗೆ ತೂತು ಕೊರೆದು ಅದರೊಳಗೆ ಕೂರಿಸಿದ್ದಳು. ಕಿಟಕಿಯಂತೂ ಚಳಿಗಾಲದಲ್ಲೂ ತೆರೆದೇ ಇರಬೇಕು, ಇಲ್ಲವಾದರೆ ಆ ಘಾಟಿಗೆ ತಲೆ ಗಿರ್ರೆನ್ನುತ್ತದೆ.

ಕೈ ನಡುಗಲು ಶುರುವಾದ ಮೇಲೆ ಮೂರು ವಿಮಾನ ಹಾಳಾದವು. ಒಂದು ಶುಕ್ರವಾರ ಬೆಳಿಗ್ಗೆ ಅಕ್ಕ ಮಾಡೆಲ್ ಕಟ್ಟುವವರ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ, ಭಾನುವಾರ ಬಂದು ತಾನಿನ್ನೂ ಬಿಚ್ಚದ ಮಾಡೆಲ್ ಪೆಟ್ಟಿಗೆಗಳನ್ನೆಲ್ಲ ಒಯ್ಯಲು ಹೇಳಿಬಿಟ್ಟಳು. ತಂಗಿ ಹೊಲಿಗೆ ಬಿಟ್ಟು ಎದ್ದು ಬಂದಳು. ಪೆಟ್ಟಿಗೆ ಹೋದರೆ ಅಕ್ಕ ಆ ಕಿಟಕಿಯ ಬಳಿ ಸುಮ್ಮನೆ ಕೂತು ಸೊರಗುತ್ತಾಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಏನಕ್ಕಾ ಇದು? ನನ್ನನ್ನೊಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಏನ್ ಮಾಡ್ತಿದ್ದೆ? ಹೊಸ ಕೈ ಹೊಲಿದು ಕೊಡ್ತಿದ್ಯಾ?"

"ನನ್ನೆರಡು ಕೈ ಇಲ್ವಾ? ಅರ್ಧಕ್ಕೆ ನಿಂತಿರೋ ಹಡಗೊಂದು ಮುಗಿಸು. ಆಗ್ಲಿಲ್ಲ ಅಂದ್ರೆ ಪೆಟ್ಟಿಗೆಗಳನ್ನ ನಾನೇ ಹೊತ್ಕೊಂಡು ಹೋಗಿ ಕೊಟ್ಟು ಬರ್ತೀನಿ."

ಅಕ್ಕ ಮುಖ ಗಂಟು ಹಾಕಿಕೊಂಡೇ ಮೇಜಿಗೆ ಬಂದು, ಟ್ಯೂಬಿನ ಗಟ್ಟಿ ಅಂಟು ಕೈಗೆತ್ತಿಕೊಂಡಳು. ನೀರಿನಂಥದ್ದು ಚೆಲ್ಲೀತೆಂದು ಹೆದರಿ ಅವಳು ಈಚೆಗೆ ಅದಕ್ಕಿಳಿದಿದ್ದಳು. ಗಟ್ಟಿ ಅಂಟನ್ನು ಅಂಚಿನುದ್ದಕ್ಕೂ ಗೆರೆ ಎಳೆದಂತೆ ಹಚ್ಚಬೇಕು. ನಡುಗುವ ಕೈಯಿಂದ ಅದೆಲ್ಲಿ ಆಗುತ್ತದೆ?

"ಯಾಕೆ, ಚಪ್ಪಲಿಯೊಳಗಿನ ಬಾಟ್ಲಿಗೆ ಏನಾಯ್ತು?" ಎಂದಳು ತಂಗಿ. "ಮುಟ್ಟಿಸಿದ್ರೆ ಸಾಕು, ಸಂದಿನೊಳಗೆ ತಾನಾಗೇ ಓಡುತ್ತೆ ಅಂತ ನೀನೇ ಅಂತಿದ್ದೆ."

ಅಕ್ಕ ಅವಳನ್ನು ದುರುಗುಟ್ಟಿ ನೋಡಿದಳು. ಆಮೇಲೆ ಟ್ಯೂಬ್ ಕೆಳಗಿಟ್ಟಳು.

ತಂಗಿ ಹಡಗಿನ ಎರಡು ಹೋಳುಗಳನ್ನು ಜೋಡಿಸಿ ಒತ್ತಿ ಹಿಡಿದಳು. "ಸಂದಿನ ಮೇಲೆ ಬೆರಳಿಡಬೇಡ. ಟೇಪೂ ಬೇಡ, ಸಿಮೆಂಟು ಅದರಡಿಗೆ ನುಗ್ಗಿಬಿಡುತ್ತೆ" ಎಂದ ಅಕ್ಕ, ಮಡಿಸಿದ ಟವೆಲ್ ಮೇಲೆ ಮಣಿಕಟ್ಟು ಊರಿ ಬ್ರಷ್ ಅದ್ದಿದಳು. ಬ್ರಷ್ಷಿನ ತುದಿ ಗಡಗಡ ನಡುಗುತ್ತಲೇ ಹೋಗಿ ಸಂದಿಗೆ ಒಂದೇ ಒಂದು ಸಲ ತಾಗಿತು. ಅಷ್ಟು ಸಾಕಾಯಿತು. ಸಿಮೆಂಟು ಸರ್ರನೆ ಸಂದಿನೊಳಗೆ ಹರಿದು ಬೆರಳುದ್ದ ಓಡಿತು. ಮುಂದೆ ಇನ್ನೊಂದು ಕಡೆ ಮುಟ್ಟಿದಳು, ಮತ್ತೆ ಓಡಿತು.

"ಅಯ್ಯಯ್ಯೋ, ಓಡ್ತಲ್ಲಕ್ಕಾ, ಓಡ್ತು!" ಎಂದು ತಂಗಿ ಖುಷಿಯಲ್ಲಿ ಕುಣಿದಳು. ಕುಣಿದ ರಭಸಕ್ಕೆ ಹೆಬ್ಬೆರಳು ಜಾರಿ ಸಂದಿನ ಮೇಲೆ ಕೂತಿತು. ಕೈ ತೆಗೆದು ನೋಡಿದರೆ ಹಡಗಿನ ಮೈಮೇಲೆ ಅವಳ ಬೆರಳಚ್ಚು ಮೂಡಿದೆ! ಅವಳ ಕಣ್ಣಲ್ಲಿ ನೀರೇ ಬಂತು. "ಎಂಥಾ ಕೆಲಸ ಮಾಡಿದೆ ನೋಡು, ಹಾಳು ಕೈ ನಂದು" ಎಂದು ಸೆರಗಿನ ತುದಿಯಿಂದ ಒರೆಸಹೊರಟಳು.

"ಮುಟ್ಟಬೇಡ!" ಎಕ್ಸ್-ರೇ ಕೋಣೆಯ ದನಿ ಅದು. "ನಾಳೆವರೆಗೂ ಹಾಗೇ ಬಿಡು."

ಮರುದಿನ ಮಧ್ಯಾಹ್ನ, ಪೂರ್ತಿ ಒಣಗಿದ ಮೇಲೆ, ತಂಗಿ ತಪ್ಪಿತಸ್ಥಳಂತೆ ಸ್ಯಾಂಡ್‌ಪೇಪರ್ ನೀರಲ್ಲಿ ಅದ್ದಿ ತಂದು, "ಕೊಡು, ನಾನೇ ಉಜ್ಜಿ ತೆಗೀತೀನಿ" ಎಂದಳು. ಅಕ್ಕ ಅದನ್ನು ಕಸಿದುಕೊಂಡು ಬೆರಳಚ್ಚಿನ ಮೇಲಿಟ್ಟಳು. ಇಟ್ಟಳು, ಅಷ್ಟೇ. ನಡುಗುವ ಕೈ ಸಣ್ಣಸಣ್ಣಗೆ, ಒಂದೇ ಸಮನೆ, ತನ್ನಷ್ಟಕ್ಕೆ ತಾನೇ ಉಜ್ಜತೊಡಗಿತು.

ಇಬ್ಬರೂ ಒಂದು ಗಳಿಗೆ ಆ ಕೈಯನ್ನೇ ನೋಡಿದರು. ಆಮೇಲೆ ಅಕ್ಕನಿಗೆ ನಗು ಕಿತ್ತುಕೊಂಡು ಬಂತು. ತಂಗಿಗೂ ಬಂತು. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಬರುವವರೆಗೂ ನಕ್ಕರು. ಎಂಥ ಹೆಂಗಸು ಇವಳು ಎಂದು ತಂಗಿಗೆ ಅಕ್ಕನ ಮೇಲೆ ಪ್ರೀತಿ ಉಕ್ಕಿ ಬಂತು.

ಅಕ್ಕ ಕಣ್ಣೊರೆಸಿಕೊಂಡು, ಉಜ್ಜುವುದನ್ನು ನಿಲ್ಲಿಸದೆಯೇ ಹೇಳಿದಳು: "ಆ ಕಾರ್ಯದರ್ಶಿಗೊಂದು ಫೋನ್ ಮಾಡೇ. ನಾಳೆ ಬರೋದಾದ್ರೆ ಬರ್ಲಿ, ಚಹಾ ಕುಡಿದು ಹೋಗ್ಲಿ. ಪೆಟ್ಟಿಗೆ ಮಾತ್ರ ಒಂದೂ ಸಿಗಲ್ಲ ಅನ್ನು."